ಯಕ್ಷಿ ಯಾರ ಸ್ವತ್ತೂ ಅಲ್ಲ

ಕರ್ನಾಟಕದ ಜೈನ ಶಿಲ್ಪವನ್ನೂ ಸಾಹಿತ್ಯವನ್ನೂ ಕುರಿತ ಬರೆಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಜೈನರು ಹಿಂದೂ ದೇವತೆಗಳನ್ನು ಎರವಲು ಪಡೆದು ತಮ್ಮ ತೀರ್ಥಂಕರರ ಪರಿವಾರಕ್ಕೆ ಸೇರಿಸಿಕೊಂಡರು ಎಂಬುದು ಆ ಮಾತಿನ ತಿರುಳು. ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾತೂ ಅಷ್ಟೇ ಆತ್ಮವಿಶ್ವಾಸದಿಂದ ಕೇಳಿಬರುತ್ತದೆ: ಇಂಥ ಊರಿನ ಇಂಥ ಅಮ್ಮನವರು ಮೂಲತಃ ಜೈನ ಯಕ್ಷಿ, ಕಾಲಾಂತರದಲ್ಲಿ ಅನ್ಯರು ಆಕೆಯನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಮೇಲುನೋಟಕ್ಕೆ ಇವು ಪರಸ್ಪರ ವಿರೋಧಿಯಾದ ನಿಲುವುಗಳು. ಆದರೆ ಎರಡರ ಅಡಿಪಾಯ ಒಂದೇ. ದೇವತೆಯೆಂಬುದು ಒಂದು ಸ್ವತ್ತು, ಅದಕ್ಕೆ ಒಬ್ಬ ಮೂಲ ಒಡೆಯನಿರುತ್ತಾನೆ, ಉಳಿದವರು ಸಾಲಗಾರರು ಅಥವಾ ಕಸಿದುಕೊಂಡವರು ಎಂಬ ಭಾವನೆ ಎರಡರಲ್ಲೂ ಅಡಗಿದೆ.

ಈ ಭಾವನೆಯೇ ಪರಿಶೀಲನೆಗೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಯಕ್ಷ ಮತ್ತು ಯಕ್ಷಿಯರ ಇತಿಹಾಸವನ್ನು ಗಮನವಿಟ್ಟು ನೋಡಿದರೆ, 'ಆಕೆ ಯಾರವಳು' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲವೆಂಬುದು ತಿಳಿಯುತ್ತದೆ. ಉತ್ತರವಿರುವ ಪ್ರಶ್ನೆ ಬೇರೆಯದು: ಒಂದು ಪರಂಪರೆ ಆಕೆಗೆ ಯಾವ ಸ್ಥಾನ ಕೊಟ್ಟಿತು, ಆಕೆಯಿಂದ ಯಾವ ಕೆಲಸವನ್ನು ನಿರೀಕ್ಷಿಸಿತು?

ಮೊದಲು ಪ್ರಾಚೀನತೆಯ ವಿಚಾರ. ಯಕ್ಷ ಎಂಬ ಶಬ್ದ ವೈದಿಕ ವಾಙ್ಮಯದಲ್ಲಿಯೇ ಇದೆ. ಕೇನೋಪನಿಷತ್ತಿನಲ್ಲಿ ಬ್ರಹ್ಮವಸ್ತು ದೇವತೆಗಳ ಮುಂದೆ ಯಕ್ಷರೂಪದಿಂದ ಕಾಣಿಸಿಕೊಳ್ಳುತ್ತದೆ. ಅಗ್ನಿಯಾಗಲಿ ವಾಯುವಾಗಲಿ ಅದನ್ನು ಗುರುತಿಸಲಾರರು. ಇಂದ್ರ ಸಮೀಪಿಸಿದಾಗ ಅದು ಮರೆಯಾಗುತ್ತದೆ, ಆಗ ಉಮಾ ಹೈಮವತಿ ಅದೇನೆಂಬುದನ್ನು ತಿಳಿಸುತ್ತಾಳೆ. ಇಲ್ಲಿ ಯಕ್ಷವೆಂದರೆ ಕಂಡೂ ಅರಿಯಲಾಗದ ಒಂದು ವಿಸ್ಮಯ. ಮಹಾಭಾರತದ ವನಪರ್ವದಲ್ಲಿ ಯಕ್ಷನು ಒಂದು ಕೊಳದ ಒಡೆಯ. ತನ್ನ ಪ್ರಶ್ನೆಗೆ ಉತ್ತರಿಸದೆ ನೀರು ಕುಡಿದವರನ್ನು ಅವನು ಕೆಡವುತ್ತಾನೆ, ಕೊನೆಗೆ ಧರ್ಮನಾಗಿ ತನ್ನ ನಿಜರೂಪವನ್ನು ತೋರುತ್ತಾನೆ. ಕಾಳಿದಾಸನ ಮೇಘದೂತದ ಹೊತ್ತಿಗೆ ಯಕ್ಷನು ಅಲಕಾಪುರಿಯ ಕುಬೇರನ ಸೇವಕ, ಕರ್ತವ್ಯಚ್ಯುತನಾಗಿ ರಾಮಗಿರಿಯಲ್ಲಿ ವಿರಹ ಪಡುವ ಪ್ರೇಮಿ. ಹೀಗೆ ಒಂದೇ ಶಬ್ದ ಬ್ರಹ್ಮದ ಮರೆವೇಷದಿಂದ ಹಿಡಿದು ಕೊಳದ ಕಾವಲುಗಾರನವರೆಗೆ ಹರಡಿಕೊಂಡಿದೆ. ಇವುಗಳಲ್ಲಿ ಯಾವುದು 'ಮೂಲ ಹಿಂದೂ ಯಕ್ಷ' ಎಂದು ಕೇಳಿದರೆ ನಿರ್ಣಯಿಸುವುದು ಸುಲಭವಲ್ಲ.

ಶಿಲ್ಪದ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಮಥುರಾ ಸಂಗ್ರಹಾಲಯದಲ್ಲಿರುವ ಪರ್ಖಮ್ ಯಕ್ಷನೂ, ೧೯೧೭ರಲ್ಲಿ ಪಾಟ್ನಾ ಬಳಿಯ ದೀದಾರ್‌ಗಂಜ್‌ನಲ್ಲಿ ದೊರೆತ ಚಾಮರಧಾರಿಣಿ ಯಕ್ಷಿಯೂ ಭಾರತೀಯ ಮೂರ್ತಿಶಿಲ್ಪದ ಚರಿತ್ರೆಯಲ್ಲಿ ಆರಂಭದ ಪುಟಗಳಲ್ಲಿ ಬರುವ ಕೃತಿಗಳು. ಭಾರ್ಹುತದ ಬೌದ್ಧ ಸ್ತೂಪದ ಕಟಾಂಜನದ ಮೇಲೆ ಕುಬೇರ ಯಕ್ಷ, ಸುದರ್ಶನಾ ಯಕ್ಷಿ, ಚಂದ್ರಾ ಯಕ್ಷಿ ಮೊದಲಾದವರು ನಿಂತಿದ್ದಾರೆ. ಅವರ ಹೆಸರುಗಳನ್ನು ಬ್ರಾಹ್ಮೀ ಲಿಪಿಯಲ್ಲಿ ಪಕ್ಕದಲ್ಲಿಯೇ ಕೊರೆದಿದ್ದಾರೆ. ಶ್ವೇತಾಂಬರ ಆಗಮಗಳಲ್ಲಿ ಮಹಾವೀರನು ಚಂಪಾನಗರದ ಪೂರ್ಣಭದ್ರ ಚೈತ್ಯದಲ್ಲಿ ತಂಗಿದ ವರ್ಣನೆಯಿದೆ. ಪೂರ್ಣಭದ್ರನೆಂಬವನು ಯಕ್ಷ. ಅವನ ಜೊತೆಗಾರ ಮಣಿಭದ್ರನ ಮೂರ್ತಿ ಗ್ವಾಲಿಯರ್ ಸೀಮೆಯ ಪವಾಯಾದಲ್ಲಿ ಸಿಕ್ಕಿದೆ. ಮಹಾವೀರನೂ ಬುದ್ಧನೂ ವಿಹರಿಸುತ್ತಿದ್ದ ಊರುಗಳ ಅಂಚಿನಲ್ಲಿ, ಮರದ ಬುಡದಲ್ಲಿ, ನೀರಿನ ಬಳಿಯಲ್ಲಿ ಯಕ್ಷರ ಸ್ಥಾನಗಳು ಇದ್ದವು. ಜನ ಅವುಗಳಿಗೆ ನಡೆದುಕೊಳ್ಳುತ್ತಿದ್ದರು. ಆನಂದ ಕುಮಾರಸ್ವಾಮಿಯವರು ೧೯೨೮ ಮತ್ತು ೧೯೩೧ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ 'ಯಕ್ಷಾಸ್' ಗ್ರಂಥದಲ್ಲಿ ಈ ಆರಾಧನೆಯ ವಿಸ್ತಾರವನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

ಇದರಿಂದ ಹೊರಡುವ ತೀರ್ಮಾನ ಸರಳ. ಯಕ್ಷಾರಾಧನೆ ಮೂರು ಪರಂಪರೆಗಳಿಗೂ ಸಮಾನವಾಗಿ ಒದಗಿದ ನೆಲ. ವೈದಿಕ ಪೌರಾಣಿಕ ಪರಂಪರೆ ಯಕ್ಷರನ್ನು ಕುಬೇರನ ಕೆಳಗೆ ತಂದಿತು. ಬೌದ್ಧರು ಸ್ತೂಪದ ದ್ವಾರಪಾಲಕರನ್ನಾಗಿ ಮಾಡಿಕೊಂಡರು. ಜೈನರು ತೀರ್ಥಂಕರರ ಶಾಸನದ ರಕ್ಷಕರನ್ನಾಗಿ ನೇಮಿಸಿದರು. ಒಂದೇ ಬಾವಿಯಿಂದ ನೀರು ಸೇದಿದ ಮೂವರಲ್ಲಿ ಒಬ್ಬನನ್ನು ಮಾತ್ರ ಸಾಲಗಾರನೆಂದು ಕರೆಯುವುದು ನ್ಯಾಯವಲ್ಲ.

ಕನ್ನಡದ ವಿದ್ಯಾರ್ಥಿಗೆ ಇದನ್ನು ಮನಗಾಣಿಸಲು ಮಥುರೆಯವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಭಾಷೆಯೇ ಸಾಕ್ಷಿಯಾಗಿದೆ. ಯಕ್ಷ ಎಂಬುದು ಪ್ರಾಕೃತದಲ್ಲಿ ಜಕ್ಖ, ಕನ್ನಡದಲ್ಲಿ ಜಕ್ಕ. ಯಕ್ಷಿಯು ಜಕ್ಕಿ, ಯಕ್ಷಿಣಿಯು ಜಕ್ಕಿಣಿ. ೧೦ನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ಆಡಳಿತವನ್ನು ನಡೆಸಿ, ಬಂದಣಿಕೆಯಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಮಹಿಳೆಯ ಹೆಸರು ಜಕ್ಕಿಯಬ್ಬೆ. ಶ್ರವಣಬೆಳಗೊಳದ ಜಕ್ಕಿಕಟ್ಟೆಗೆ ಆ ಹೆಸರು ಬಂದದ್ದು ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆಯಿಂದ. ಮನೆಯ ಮಗಳಿಗೆ ಇಡುವಷ್ಟು ಆಪ್ತವಾದ ಹೆಸರು ಅದು. ಅದೇ ಶಬ್ದ ಜಕ್ಕಿಣಿಯಾಗಿ ಜನರ ಬಾಯಲ್ಲಿ ಮುತ್ತೈದೆಯಾಗಿ ಸತ್ತು ಮನೆಯನ್ನು ಬಿಡದ ಹೆಣ್ಣಿನ ಪ್ರೇತವೆಂಬ ಅರ್ಥವನ್ನೂ ಪಡೆದಿದೆ. ಮರಾಠಿಯ ಜಖೀಣ್ ಕೂಡ ಇದೇ. ತಮಿಳುನಾಡಿನ ತೆಂಕಣ ಜಿಲ್ಲೆಗಳ ಇಸಕ್ಕಿಯಮ್ಮನ ಹೆಸರನ್ನು ವಿದ್ವಾಂಸರು ಯಕ್ಷಿ ಶಬ್ದಕ್ಕೆ ಜೋಡಿಸುತ್ತಾರೆ. ಕೇರಳದ ಕಥೆಗಳಲ್ಲಿ ಯಕ್ಷಿಯು ತಾಳೆಯ ಮರದಲ್ಲಿ ನೆಲೆಸಿ ಇರುಳಿನಲ್ಲಿ ದಾರಿಹೋಕರ ರಕ್ತ ಹೀರುವವಳು. ವ್ಯಂತರವೆಂಬ ಪಾರಿಭಾಷಿಕ ಪದವೂ ಕನ್ನಡದಲ್ಲಿ ಬೆಂತರವಾಗಿ ದೆವ್ವವೆಂಬ ಅರ್ಥಕ್ಕೆ ನಿಂತಿತು. ಒಂದೇ ಶಬ್ದದ ಒಡಲಲ್ಲಿ ತಾಯಿ, ದೇವತೆ, ದೆವ್ವ ಮೂವರೂ ಇದ್ದಾರೆ. ಇದು ಭಾಷೆಯ ಗೊಂದಲವಲ್ಲ. ಈ ಶಕ್ತಿ ಮೂಲದಲ್ಲಿ ಒಳಿತೂ ಅಲ್ಲದ, ಕೆಡುಕೂ ಅಲ್ಲದ ಒಂದು ಇರವು ಎಂಬುದರ ನೆನಪು.

ಹಾಗಾದರೆ ಜೈನ ಪರಂಪರೆ ಈ ಇರವಿಗೆ ಏನು ಮಾಡಿತು? ಇಲ್ಲಿಯೇ ನಮ್ಮ ಸಂಶೋಧನೆಗಳು ಹೆಚ್ಚಾಗಿ ಎಡವುವುದು. ದೇವತೆ ಎಂಬ ಒಂದೇ ಪದವನ್ನು ಎರಡು ಪರಂಪರೆಗಳಿಗೂ ಒಂದೇ ಅರ್ಥದಲ್ಲಿ ಬಳಸುವುದರಿಂದ ಎಡವಟ್ಟು ಆರಂಭವಾಗುತ್ತದೆ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ದೇವಗತಿಯ ಜೀವಿಗಳನ್ನು ನಾಲ್ಕು ನಿಕಾಯಗಳಾಗಿ ವಿಂಗಡಿಸಲಾಗಿದೆ: ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ. ಇವರಲ್ಲಿ ವ್ಯಂತರರು ಎಂಟು ಬಗೆ: ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚ. ಭವನವಾಸಿಗಳಲ್ಲಿ ಮೊದಲ ಹೆಸರೇ ಅಸುರಕುಮಾರರದು. ದೇವಾಸುರರ ಯುದ್ಧದ ಪುರಾಣಕಥೆಗಳಲ್ಲಿ ಬೆಳೆದ ಓದುಗನಿಗೆ ಇದು ಅಚ್ಚರಿ ತರಬೇಕು. ಅಸುರನೂ ರಾಕ್ಷಸನೂ ಪಿಶಾಚನೂ ಇಲ್ಲಿ ದೇವರ ಶತ್ರುಗಳಲ್ಲ. ಅವರೂ ದೇವಗತಿಯಲ್ಲಿ ಹುಟ್ಟಿದ ಜೀವಿಗಳೇ.

ಇನ್ನೂ ಮುಖ್ಯವಾದ ಸಂಗತಿ, ಇವರೆಲ್ಲರ ಆಯುಷ್ಯಕ್ಕೆ ಮಿತಿಯಿದೆ. ವ್ಯಂತರರಿಗೆ ಕನಿಷ್ಠ ಹತ್ತು ಸಾವಿರ ವರ್ಷ, ಹೆಚ್ಚೆಂದರೆ ಒಂದು ಪಲ್ಯಕ್ಕಿಂತ ತುಸು ಅಧಿಕ. ಆ ಕಾಲ ಮುಗಿದೊಡನೆ ಅವರು ಚ್ಯುತರಾಗಿ ಬೇರೊಂದು ಹುಟ್ಟಿಗೆ ಇಳಿಯಲೇಬೇಕು. ದೇವಪರ್ಯಾಯದಲ್ಲಿ ಸಮ್ಯಕ್ತ್ವ ಸಾಧ್ಯ, ಆದರೆ ವ್ರತ ಸಾಧ್ಯವಿಲ್ಲ. ಆದುದರಿಂದ ಮೋಕ್ಷವೂ ಇಲ್ಲ. ಅದಕ್ಕೆ ಮನುಷ್ಯನಾಗಿಯೇ ಹುಟ್ಟಬೇಕು. ಪದ್ಮಾವತಿಯಾಗಲಿ ಜ್ವಾಲಾಮಾಲಿನಿಯಾಗಲಿ ತಮ್ಮ ಮುಂದೆ ಕೈಮುಗಿದು ನಿಂತ ಶ್ರಾವಕನಂತೆಯೇ ಸಂಸಾರದಲ್ಲಿ ತೊಳಲುತ್ತಿರುವ ಜೀವಗಳು. ಬಲದಲ್ಲಿ ಹಿರಿಯರು, ಅವಕಾಶದಲ್ಲಿ ಕಿರಿಯರು. ಈ ತಾತ್ತ್ವಿಕ ಸ್ಥಾನವನ್ನು ಗಮನಿಸದೆ, ಕೈಗಳ ಸಂಖ್ಯೆಯನ್ನೂ ಆಯುಧಗಳನ್ನೂ ಮಾತ್ರ ಹೋಲಿಸಿ 'ಪ್ರಭಾವ'ವನ್ನು ನಿರ್ಣಯಿಸುವುದು ಮನೆಯೊಳಗೆ ಹೋಗದೆ ಹೊಸ್ತಿಲಿನಿಂದಲೇ ಅದರ ಅಳತೆ ಹೇಳಿದಂತೆ.

ಹೆಸರುಗಳ ಸಾಮ್ಯ ನಿಜ. ದಿಗಂಬರ ಪರಂಪರೆಯ ಪಟ್ಟಿಯಲ್ಲಿ ಶೀತಲನಾಥನ ಯಕ್ಷ ಬ್ರಹ್ಮ, ಶ್ರೇಯಾಂಸನಾಥನ ಯಕ್ಷ ಈಶ್ವರ, ವಾಸುಪೂಜ್ಯನ ಯಕ್ಷ ಕುಮಾರ, ಮಲ್ಲಿನಾಥನ ಯಕ್ಷ ಕುಬೇರ, ಮುನಿಸುವ್ರತನ ಯಕ್ಷ ವರುಣ. ಯಕ್ಷಿಯರಲ್ಲಿ ಗೌರಿಯೂ ಮಹಾಕಾಳಿಯೂ ಇದ್ದಾರೆ. ಎರವಲಿನ ವಾದಕ್ಕೆ ಇದೇ ಬಲವಾದ ಆಧಾರ. ಈ ಪಟ್ಟಿ ವ್ಯವಸ್ಥಿತಗೊಂಡ ಕಾಲಕ್ಕೆ ಪೌರಾಣಿಕ ದೇವತೆಗಳ ಹೆಸರುಗಳು ಜನಜನಿತವಾಗಿದ್ದವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಈಶ್ವರ, ಬ್ರಹ್ಮ ಎಂಬ ಹೆಸರುಗಳನ್ನು ಜಿನನ ಪಾರ್ಶ್ವದಲ್ಲಿ ನಿಲ್ಲುವ ಸೇವಕರಿಗೆ ಇಟ್ಟದ್ದರಲ್ಲಿ ಮತೀಯ ಸ್ಪರ್ಧೆಯ ಛಾಯೆ ಇದೆಯೆಂಬುದನ್ನೂ ನಾವು ಒಪ್ಪಬೇಕು. ಅದನ್ನು ಮರೆಮಾಚಿ ಎಲ್ಲವನ್ನೂ ಸಮನ್ವಯವೆಂದು ಬಣ್ಣಿಸುವುದು ಪ್ರಾಮಾಣಿಕ ಚರಿತ್ರೆಯಲ್ಲ. ಆದರೆ ಸ್ಪರ್ಧೆಗೂ ಬಗೆಗಳಿವೆ. ವಜ್ರಯಾನ ಬೌದ್ಧರ ತ್ರೈಲೋಕ್ಯವಿಜಯನು ಶಿವಪಾರ್ವತಿಯರನ್ನು ತುಳಿದು ನಿಂತಿದ್ದಾನೆ. ಶೈವರ ಶರಭನು ನರಸಿಂಹನನ್ನು ಅಡಗಿಸುತ್ತಾನೆ. ಜೈನ ಶಾಸನದೇವತೆಯಾದ ಈಶ್ವರ ಯಕ್ಷನು ಯಾರ ಕಾಲ ಕೆಳಗೂ ಇಲ್ಲ. ಅವನು ಜಿನನ ಪಕ್ಕದಲ್ಲಿ ತನ್ನ ವಾಹನ, ಆಯುಧ, ಆಭರಣಗಳೊಡನೆ ಗೌರವದಿಂದ ಇದ್ದಾನೆ. ಕೆಳಗಿನ ಸ್ಥಾನವಾದರೂ ಸ್ಥಾನವೇ.

ಈ ಸ್ಥಾನಾಂತರದ ಅರ್ಥ ಅತ್ಯಂತ ಸ್ಪಷ್ಟವಾಗಿ ಕಾಣುವುದು ಲಕ್ಷಣಗ್ರಂಥಗಳಲ್ಲಿ ಅಲ್ಲ, ಕಥೆಗಳಲ್ಲಿ. ಸೋಮದೇವ ಸೂರಿಯು ೯೫೯ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿಯೂ, ಜನ್ನನು ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿಯೂ ಚಂಡಮಾರಿಯ ಗುಡಿಯಿದೆ. ಮಾರಿದತ್ತನು ಅಲ್ಲಿ ನರಬಲಿಗೆ ಸಿದ್ಧನಾಗಿದ್ದಾನೆ, ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯರನ್ನು ಹಿಡಿದು ತಂದಿದ್ದಾರೆ. ಆ ಎಳೆಯರು ತಮ್ಮ ಹಿಂದಿನ ಭವಗಳ ಕಥೆ ಹೇಳುತ್ತಾರೆ. ಹಿಟ್ಟಿನ ಕೋಳಿಯನ್ನು ದೇವಿಗೆ ಕೊಯ್ದ ಸಂಕಲ್ಪಹಿಂಸೆಯೇ ತಮ್ಮನ್ನು ಹುಟ್ಟಿನಿಂದ ಹುಟ್ಟಿಗೆ ಅಟ್ಟಿದ ಬಗೆಯನ್ನು ವಿವರಿಸುತ್ತಾರೆ. ಕೇಳಿದ ಮಾರಿದತ್ತ ಬದಲಾಗುತ್ತಾನೆ. ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಸಾಮಾನ್ಯ ನೀತಿಕಥೆಯಾಗುತ್ತಿತ್ತು. ಜನ್ನನ ಕಾವ್ಯದಲ್ಲಿ ದೇವಿಯೂ ಬದಲಾಗುತ್ತಾಳೆ. ಆಕೆಯೇ ಪ್ರತ್ಯಕ್ಷಳಾಗಿ ತನಗೆ ಇನ್ನು ಪ್ರಾಣಿಬಲಿ ಬೇಡವೆನ್ನುತ್ತಾಳೆ.

ಈ ಘಟನೆಯನ್ನು ನಾವು ಸಾಕಷ್ಟು ಗಂಭೀರವಾಗಿ ಓದಿಲ್ಲ ಎಂದು ನನ್ನ ಭಾವನೆ. ಕವಿಗೆ ಬೇರೆ ಎರಡು ದಾರಿಗಳಿದ್ದವು. ಮಾರಿಯೆಂಬುದು ಇಲ್ಲವೇ ಇಲ್ಲ, ಕಲ್ಲು ಮಾತ್ರ ಎನ್ನಬಹುದಿತ್ತು. ಅಥವಾ ಆಕೆಯನ್ನು ದುಷ್ಟಶಕ್ತಿಯೆಂದು ಬಗೆದು ಒಂದು ದಿವ್ಯಬಲದಿಂದ ಸೋಲಿಸಿ ಗುಡಿಯನ್ನು ನೆಲಸಮ ಮಾಡಿಸಬಹುದಿತ್ತು. ಎರಡನ್ನೂ ಮಾಡದೆ ಆಕೆಯನ್ನು ಒಂದು ಜೀವವೆಂದು ಬಗೆದು, ಕಥೆ ಕೇಳಿ ಮನಸ್ಸು ತಿರುಗಬಲ್ಲವಳೆಂದು ಚಿತ್ರಿಸಿದ. ಕೊಲ್ಲುವ ರಾಜನಿಗೆ ಕೊಟ್ಟ ಅವಕಾಶವನ್ನೇ ಕೊಲಿಸಿಕೊಳ್ಳುವ ದೇವಿಗೂ ಕೊಟ್ಟ. ದೇವತೆಯೂ ಕರ್ಮಕ್ಕೆ ಅಧೀನವೆಂಬ ಸಿದ್ಧಾಂತ ಇಲ್ಲಿ ಒಣ ತತ್ತ್ವವಾಗಿ ಉಳಿಯದೆ ಕಾವ್ಯದ ತಿರುವಾಗಿದೆ. ಜೈನಧರ್ಮವು ಗ್ರಾಮದೇವತೆಯೊಡನೆ ನಡೆಸಿದ ವ್ಯವಹಾರದ ಹೃದಯ ಇರುವುದು ಇಲ್ಲಿ. ಎರವಲು ಎಂಬ ಶಬ್ದದಿಂದ ಇದನ್ನು ವಿವರಿಸಲು ಸಾಧ್ಯವೇ?

ಇನ್ನೊಂದು ಕಥೆ ಕೂಷ್ಮಾಂಡಿನಿಯದು. ಅಂಬಿಕೆಯೆಂದೂ ಪ್ರಸಿದ್ಧಳಾದ ಈಕೆ ನೇಮಿನಾಥನ ಯಕ್ಷಿ. ಕಥೆಯ ಪಾಠಗಳಲ್ಲಿ ವ್ಯತ್ಯಾಸಗಳಿದ್ದರೂ ಚೌಕಟ್ಟು ಒಂದೇ. ಅಗ್ನಿಲೆಯೆಂಬ ಬ್ರಾಹ್ಮಣ ಗೃಹಿಣಿ, ಶ್ರಾದ್ಧಕ್ಕೆಂದು ಮಾಡಿದ ಅಡುಗೆಯನ್ನು ಮನೆಯ ಬಾಗಿಲಿಗೆ ಬಂದ ಮುನಿಗೆ ನೀಡುತ್ತಾಳೆ. ಗಂಡ ಸೋಮಶರ್ಮ ಕೋಪಗೊಂಡು ಆಕೆಯನ್ನು ಮನೆಯಿಂದ ಹೊರಗಟ್ಟುತ್ತಾನೆ. ಇಬ್ಬರು ಮಕ್ಕಳೊಡನೆ ಹೊರಟ ಆಕೆ ಮತ್ತೆ ಗಂಡನ ಕೈಗೆ ಸಿಕ್ಕುವ ಭಯದಿಂದ ಪ್ರಾಣ ಬಿಟ್ಟು ಯಕ್ಷಿಯಾಗಿ ಹುಟ್ಟುತ್ತಾಳೆ. ಗಂಡ ಸತ್ತು ಆಕೆಯ ವಾಹನವಾದ ಸಿಂಹವಾಗುತ್ತಾನೆ. ಕೈಯಲ್ಲಿ ಮಾವಿನ ಗೊಂಚಲು, ತೊಡೆಯ ಮೇಲೆ ಒಂದು ಮಗು, ಪಕ್ಕದಲ್ಲಿ ಇನ್ನೊಂದು, ಕೆಳಗೆ ಸಿಂಹ. ಆಕೆಯ ಮೂರ್ತಿಯೇ ಆಕೆಯ ಆತ್ಮಚರಿತ್ರೆ.

ಅನ್ಯಾಯಕ್ಕೊಳಗಾಗಿ ಅಕಾಲದಲ್ಲಿ ಸತ್ತ ಮುತ್ತೈದೆ ಶಕ್ತಿಯಾಗಿ ಮರಳುವುದು ನಮ್ಮ ಹಳ್ಳಿಗಳ ಜಕ್ಕಿಣಿಯ ಕಥೆಯೂ ಹೌದು, ಎಷ್ಟೋ ಊರಮ್ಮಂದಿರ ಹುಟ್ಟಿನ ಕಥೆಯೂ ಹೌದು. ಅಲ್ಲಿ ಸಾಮಾನ್ಯವಾಗಿ ಸೇಡು ಶಕ್ತಿಯ ಮೂಲ. ಮನೆಮಂದಿ ಹೆದರಿ ಆಕೆಗೆ ಎಡೆಯಿಟ್ಟು ಶಾಂತಿ ಮಾಡುತ್ತಾರೆ. ಅಗ್ನಿಲೆಯ ಕಥೆಯಲ್ಲಿ ದೇವತ್ವದ ಕಾರಣ ಆಕೆಯ ಸಂಕಟವಲ್ಲ, ಆಕೆ ಕೊಟ್ಟ ದಾನ. ಪೆಟ್ಟು ತಿಂದದ್ದರಿಂದಲ್ಲ, ಅನ್ನವಿಟ್ಟದ್ದರಿಂದ ಆಕೆ ಯಕ್ಷಿಯಾದಳು. ಗಂಡ ಶಿಕ್ಷೆಗೊಳಗಾಗಿ ನಾಶವಾಗುವುದಿಲ್ಲ, ಆಕೆಯನ್ನು ಹೊರುವ ಪ್ರಾಣಿಯಾಗುತ್ತಾನೆ. ಜನಪದದ ಅಚ್ಚನ್ನೇ ಉಳಿಸಿಕೊಂಡು ಅದರೊಳಗಿನ ಕಾರಣವನ್ನು ಬದಲಿಸಿದ ಈ ಕೆಲಸ ಸಣ್ಣದಲ್ಲ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯದಲ್ಲಿಯೂ ಇದೇ ಮನೋಧರ್ಮವಿದೆ. ಚಾವುಂಡರಾಯನ ಮಹಾಭಿಷೇಕದ ಹಾಲು ಗೊಮ್ಮಟನ ಪಾದಕ್ಕೆ ಇಳಿಯದಿದ್ದಾಗ ಒಂದು ಕಾಯಿಯ ಚಿಪ್ಪಿನಷ್ಟು ಹಾಲಿನಿಂದ ಅದನ್ನು ಸಾಧಿಸಿದ ಮುದುಕಿ ಮಾರುವೇಷದ ಕೂಷ್ಮಾಂಡಿನಿಯೆಂದು ಭಕ್ತರು ನಂಬುತ್ತಾರೆ. ಯಕ್ಷಿ ಅಲ್ಲಿ ದಂಡನಾಯಕನ ಅಹಂಕಾರವನ್ನು ಕರಗಿಸಿದಳೇ ಹೊರತು ಅವನನ್ನು ದಂಡಿಸಲಿಲ್ಲ.

ಸಾಹಿತ್ಯದಿಂದ ಶಾಸನಗಳಿಗೆ ಬಂದರೆ ಯಕ್ಷಿಯ ಇನ್ನೊಂದು ಮುಖ ಕಾಣುತ್ತದೆ. ಹೊಂಬುಜದ ಸಾಂತರರು ತಮ್ಮ ಬಿರುದಾವಳಿಯಲ್ಲಿಯೇ ಪದ್ಮಾವತೀದೇವಿಯಿಂದ ವರಪ್ರಸಾದ ಪಡೆದವರೆಂದು ಹೇಳಿಕೊಂಡರು. ಉತ್ತರಮಥುರೆಯಿಂದ ದೇವಿಯ ಮೂರ್ತಿಯೊಡನೆ ಬಂದ ಜಿನದತ್ತರಾಯನು ಲಕ್ಕಿಯ ಗಿಡದ ಬಳಿ ನೆಲೆಸಿದ ಕಥೆ ಇಂದಿಗೂ ಅಲ್ಲಿ ಜೀವಂತವಾಗಿದೆ. ಸಿಂಹನಂದಿ ಆಚಾರ್ಯರ ಮೂಲಕ ದಡಿಗ ಮಾಧವರಿಗೆ ಪದ್ಮಾವತಿಯ ಅನುಗ್ರಹವಾಯಿತೆಂದು ಗಂಗರ ಮೂಲವನ್ನು ಹೇಳುವ ೧೨ನೆಯ ಶತಮಾನದ ಶಾಸನಗಳು ತಿಳಿಸುತ್ತವೆ. ಹೊಯ್ಸಳರ ಸಳ ಹುಲಿಯನ್ನು ಹೊಡೆದ ಕಥೆಯೂ ನಡೆಯುವುದು ಸೊಸೆವೂರಿನಲ್ಲಿ, ಜೈನ ಮುನಿ ಮತ್ತು ವಾಸಂತಿಕಾದೇವಿಯ ಸನ್ನಿಧಿಯಲ್ಲಿ. ಇಂದಿನ ಅಂಗಡಿ ಗ್ರಾಮದಲ್ಲಿ ಜೈನ ಬಸದಿಗಳೂ ವಾಸಂತಿಕೆಯ ಗುಡಿಯೂ ಅಕ್ಕಪಕ್ಕದ ನೆಲದಲ್ಲಿವೆ.

ಮೂರು ಅರಸುಮನೆತನಗಳ ಮೂಲಕಥೆಯಲ್ಲಿಯೂ ಯಕ್ಷಿ ಏಕೆ ಬರುತ್ತಾಳೆ? ಕಾರಣ ತಾತ್ತ್ವಿಕವೇ. ವೀತರಾಗನಾದ ಜಿನನು ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಅರಸನಿಗೋ ಕತ್ತಿ ಬೇಕು, ನೆಲ ಬೇಕು, ಮಗ ಬೇಕು. ಕೊಡಬಲ್ಲವರು ರಾಗವುಳ್ಳ ದೇವತೆಗಳು ಮಾತ್ರ. ಇಂದ್ರನಂದಿಯು ೯೩೯ರಲ್ಲಿ ಮಾನ್ಯಖೇಟದಲ್ಲಿ ಜ್ವಾಲಾಮಾಲಿನೀ ಕಲ್ಪವನ್ನು ಬರೆದದ್ದು, ಮುಳುಗುಂದದಲ್ಲಿ ೧೦೪೭ರಲ್ಲಿ ಮಹಾಪುರಾಣವನ್ನು ಮುಗಿಸಿದ ಮಲ್ಲಿಷೇಣನೇ ಭೈರವಪದ್ಮಾವತೀ ಕಲ್ಪವನ್ನೂ ರಚಿಸಿದ್ದು ಈ ಅಗತ್ಯದ ಹಿನ್ನೆಲೆಯಲ್ಲಿಯೇ. ಪಿ. ಬಿ. ದೇಸಾಯಿಯವರು ೧೯೫೭ರ ತಮ್ಮ ಗ್ರಂಥದಲ್ಲಿ ದಕ್ಷಿಣದ ಯಕ್ಷಿಯಾರಾಧನೆಯ ಈ ವ್ಯಾಪ್ತಿಯನ್ನು ಶಾಸನಾಧಾರಗಳಿಂದ ತೋರಿಸಿದ್ದಾರೆ.

ಇದನ್ನು ಅವನತಿಯೆಂದೂ ಶುದ್ಧ ಜೈನಧರ್ಮಕ್ಕೆ ತಂತ್ರದ ಕಲಬೆರಕೆಯೆಂದೂ ಹೇಳುವವರು ಸಮಾಜದೊಳಗೂ ಇದ್ದಾರೆ. ಅವರ ಆತಂಕ ಹೊಸದಲ್ಲ. ವರದ ಆಸೆಯಿಂದ ರಾಗದ್ವೇಷಗಳಿಂದ ಕಲುಷಿತರಾದ ದೇವತೆಗಳನ್ನು ಉಪಾಸಿಸುವುದನ್ನು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇವಮೂಢತೆಯೆಂದು ಕರೆದಿದ್ದಾರೆ. ಸೋಮದೇವ ಸೂರಿಯು ಶಾಸನದೇವತೆಗಳಿಗೆ ಸಲ್ಲುವ ಗೌರವವನ್ನು ಒಪ್ಪಿ, ಆದರೆ ಅವರನ್ನು ಜಿನನಿಗೆ ಸಮಾನವಾಗಿ ಪೂಜಿಸುವವನು ಅಧೋಗತಿಗೆ ಇಳಿಯುತ್ತಾನೆಂದು ಎಚ್ಚರಿಸಿದ್ದಾನೆ. ಅಂದರೆ ಪರಂಪರೆ ಕಣ್ಣುಮುಚ್ಚಿ ಏನನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಲ್ಲಿಯವರೆಗೆ, ಯಾವ ಮಟ್ಟಕ್ಕೆ ಎಂದು ತನ್ನೊಳಗೇ ವಾದಿಸುತ್ತ ಬಂದಿತು. ಆ ವಾದವೇ ನಮ್ಮ ಅಧ್ಯಯನದ ವಸ್ತುವಾಗಬೇಕು. ಎರವಲು ಅಥವಾ ಅವನತಿ ಎಂಬ ಒಂದು ಪದದಿಂದ ಅದನ್ನು ಮುಗಿಸಿಬಿಟ್ಟರೆ ಶತಮಾನಗಳ ಚಿಂತನೆಯೇ ಕಣ್ಮರೆಯಾಗುತ್ತದೆ.

ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಮೂರ್ತಿಗಳ ಗುರುತಿನ ವಿಷಯದಲ್ಲಿ ಇದರ ಫಲ ನೇರವಾಗಿ ಕಾಣುತ್ತದೆ. ಸಿಂಹವಾಹನೆಯೆಂದ ಮಾತ್ರಕ್ಕೆ ದುರ್ಗೆ, ಹಾವಿನ ಹೆಡೆಯಿದ್ದರೆ ನಾಗದೇವತೆ, ಗರುಡನಿದ್ದರೆ ವೈಷ್ಣವಿ ಎಂದು ಬರೆದುಬಿಡುವ ಅವಸರ ಕ್ಷೇತ್ರಕಾರ್ಯದ ವರದಿಗಳಲ್ಲಿ ಅಪರೂಪವಲ್ಲ. ಐಹೊಳೆಯಲ್ಲಿ ರವಿಕೀರ್ತಿಯ ೬೩೪ರ ಶಾಸನವುಳ್ಳ ಮೇಗುತಿ ಬಸದಿಯಿಂದ ಬಂದು ಈಗ ಅಲ್ಲಿಯ ಸಂಗ್ರಹಾಲಯದಲ್ಲಿರುವ ಅಂಬಿಕೆಯನ್ನು ನೋಡಿದವನು ಸಿಂಹವೊಂದನ್ನೇ ನೋಡುವುದಿಲ್ಲ, ಪರಿವಾರವನ್ನೂ ಮಾವನ್ನೂ ನೋಡುತ್ತಾನೆ. ಚಕ್ರೇಶ್ವರಿಯ ಕಿರೀಟದಲ್ಲಿ ಪುಟ್ಟ ಜಿನಬಿಂಬ ಇದೆಯೇ ಎಂದು ಹುಡುಕುತ್ತಾನೆ. ಜ್ವಾಲಾಮಾಲಿನಿಯ ಉದಾಹರಣೆಯಂತೂ ಬೋಧಪ್ರದ. ಆಕೆಯ ವಾಹನ ಕೋಣ. ಎಂಟು ಕೈಗಳ, ಆಯುಧ ಹಿಡಿದ ದೇವಿಯ ಬಳಿ ಕೋಣವನ್ನು ಕಂಡೊಡನೆ ಮಹಿಷಮರ್ದಿನಿಯೆಂಬ ಹೆಸರು ನಾಲಗೆಗೆ ಬರುತ್ತದೆ. ಆದರೆ ಒಬ್ಬಳು ಕೋಣನನ್ನು ಇರಿದು ಕೊಂದವಳು, ಇನ್ನೊಬ್ಬಳು ಅದನ್ನು ಏರಿ ಕುಳಿತವಳು. ಒಂದೇ ಪ್ರಾಣಿ, ಎರಡು ಸಂಬಂಧ. ಯಾರು ಯಾರಿಂದ ಕೋಣವನ್ನು ಪಡೆದರೆಂಬ ವಿಚಾರಕ್ಕಿಂತ ಆ ಎರಡು ಸಂಬಂಧಗಳ ನಡುವಿನ ಅಂತರವೇ ನಮಗೆ ಹೆಚ್ಚಿನದನ್ನು ಕಲಿಸುತ್ತದೆ.

ಸ್ವತ್ತಿನ ಭಾವನೆಯ ಇನ್ನೊಂದು ಅಪಾಯ ನಮ್ಮ ಕಾಲಕ್ಕೆ ಸಂಬಂಧಿಸಿದ್ದು. ಕನ್ಯಾಕುಮಾರಿ ಜಿಲ್ಲೆಯ ಚಿತರಾಲ್ ಬೆಟ್ಟದ ಬಂಡೆಯ ಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳಿವೆ, ಅಲ್ಲಿಯ ಗುಡಿಯಲ್ಲಿ ಪೂಜೆ ಭಗವತಿಗೆ. ಕೇರಳದ ಪೆರುಂಬಾವೂರಿನ ಬಳಿಯ ಕಲ್ಲಿಲ್ ಗುಹಾಲಯದಲ್ಲಿ ಪದ್ಮಾವತಿಯು ಭಗವತಿಯಾಗಿ ನಡೆದುಕೊಳ್ಳಲ್ಪಡುತ್ತಾಳೆ. ಇಂಥ ಸ್ಥಳಗಳ ಚರಿತ್ರೆಯನ್ನು ಬರೆಯುವುದು ಅಗತ್ಯ. ಜೈನರ ಇರವನ್ನು ಅಳಿಸಿ ಬರೆಯುವುದು ಸುಳ್ಳು. ಆದರೆ ಇಂದು ಅಲ್ಲಿ ಹರಕೆ ಹೊತ್ತು ಬರುವ ಹೆಂಗಸಿನ ಭಕ್ತಿ ಕದ್ದ ಮಾಲು ಎಂಬಂತೆ ಬರೆಯುವುದೂ ಸುಳ್ಳೇ. ಜೈನರು ನೇಮಿನಾಥನ ಯಕ್ಷಿಯೆಂದು ಕರೆಯುವ ಮೊದಲೇ ಮರದ ಬುಡದ ಅಮ್ಮ ಇದ್ದಳು. ಜೈನರು ಅಲ್ಲಿಂದ ಹೋದ ಮೇಲೂ ಆಕೆ ಉಳಿದಳು. ಆಕೆಯನ್ನು ಉಳಿಸಿದ್ದು ಆ ನೆಲದ ಜನ.

ತುಳುನಾಡು ಈ ವಿಷಯದಲ್ಲಿ ಒಂದು ಮಾದರಿ. ಧರ್ಮಸ್ಥಳದಲ್ಲಿ ಮಂಜುನಾಥ ಶಿವ, ಅರ್ಚಕರು ಮಾಧ್ವ ವೈಷ್ಣವರು, ಹೆಗ್ಗಡೆಯವರ ಮನೆತನ ಜೈನರದು. ಕ್ಷೇತ್ರದ ಐತಿಹ್ಯದಂತೆ ಎಲ್ಲಕ್ಕೂ ಮೊದಲು ಬಂದು ನೆಲ್ಯಾಡಿ ಬೀಡನ್ನು ಬಿಡಿಸಿಕೊಂಡವರು ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಎಂಬ ನಾಲ್ವರು ಧರ್ಮದೈವಗಳು. ಕಾರ್ಕಳದಲ್ಲಿ ೧೪೩೨ರ ಗೊಮ್ಮಟನ ಎದುರಿಗೆ ೧೪೩೬ರಲ್ಲಿ ಬ್ರಹ್ಮದೇವ ಸ್ತಂಭ ನಿಂತಿತು. ಅದೇ ನಾಡಿನ ಗರಡಿಗಳಲ್ಲಿ ಬೆರ್ಮೆರ್ ಕುದುರೆಯೇರಿ ಕುಳಿತಿದ್ದಾನೆ. ಆ ಬ್ರಹ್ಮನಿಗೂ ಈ ಬೆರ್ಮೆರಿಗೂ ಏನು ನಂಟೆಂಬುದು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ. ಯಾರು ಯಾರದನ್ನು ತೆಗೆದುಕೊಂಡರೆಂಬ ಪಂಚಾಯಿತಿಗೆ ಇಳಿದರೆ ಆ ಪ್ರಶ್ನೆಯೇ ಕೆಟ್ಟುಹೋಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರಿಸಬೇಕು. ಎಲ್ಲವೂ ಸಮಾನ ಜನಪದ ಮೂಲದಿಂದ ಬಂದದ್ದೆಂದರೆ ಪರಂಪರೆಗಳ ನಡುವಣ ಭೇದವೇ ಅಳಿಸಿಹೋಗುವುದಿಲ್ಲವೇ ಎಂದು ಕೇಳಬಹುದು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಮೂಲವನ್ನು ಸಮಾನವೆಂದು ಒಪ್ಪಿದಾಗಲೇ ಭೇದ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ಮಣ್ಣು ಒಂದೇ ಆದುದರಿಂದ ಮಡಕೆಗಳೆಲ್ಲ ಒಂದೇ ಆಗುವುದಿಲ್ಲ. ಪೌರಾಣಿಕ ಪರಂಪರೆ ದೇವಿಯನ್ನು ಜಗನ್ಮಾತೆಯೆಂಬ ಪರಮಸ್ಥಾನಕ್ಕೆ ಏರಿಸಿತು. ಅದರ ಭವ್ಯತೆ ಅದರದು. ಜೈನ ಪರಂಪರೆ ದೇವಿಯನ್ನು ನಮ್ಮಂತೆಯೇ ದಾರಿಯಲ್ಲಿರುವ, ತಪ್ಪಬಲ್ಲ, ತಿದ್ದಿಕೊಳ್ಳಬಲ್ಲ ಒಂದು ಜೀವವೆಂದು ಕಂಡಿತು. ಇದರ ಸೂಕ್ಷ್ಮತೆ ಇದರದು. ಒಂದನ್ನು ಇನ್ನೊಂದರ ನಕಲು ಎಂದರೆ ಎರಡಕ್ಕೂ ಅನ್ಯಾಯ.

ಆದುದರಿಂದ ಸಂಶೋಧನೆಗೆ ತೊಡಗುವ ಕಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಯಕ್ಷಿಯ ಮೂರ್ತಿಯಾಗಲಿ ಶಾಸನವಾಗಲಿ ಕಾವ್ಯಪ್ರಸಂಗವಾಗಲಿ ಎದುರಾದಾಗ ಹಿಂದೂ ಪ್ರಭಾವ, ಜೈನ ಮೂಲ ಎಂಬ ಎರಡು ಪದಪುಂಜಗಳನ್ನು ಸ್ವಲ್ಪ ಕಾಲ ಬದಿಗಿಡಿ. ಆಕೆ ಯಾರ ಪಕ್ಕದಲ್ಲಿ ನಿಂತಿದ್ದಾಳೆ, ಆಕೆಯ ಹಿಂದಿನ ಭವದ ಕಥೆ ಏನು, ಆಕೆಯನ್ನು ಬೇಡಿದವರು ಯಾರು, ಬೇಡಿದ್ದು ಏನನ್ನು, ಬೇಡುವುದನ್ನು ಕುರಿತು ಆ ಪರಂಪರೆಯ ಆಚಾರ್ಯರು ಏನು ಹೇಳಿದ್ದಾರೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಇಷ್ಟನ್ನು ಆಧಾರಸಹಿತವಾಗಿ ಬರೆದವರಿಗೆ ಒಡೆತನದ ಪ್ರಶ್ನೆಯನ್ನು ಮತ್ತೆ ಕೇಳಬೇಕೆನ್ನಿಸುವುದು ಅಪರೂಪ.